ಆರಿದ ರಾಶಿ ಮಾಗಿದ ಗೊಬ್ಬರವಲ್ಲ

ಹೊಸದುರ್ಗದ ಮತ್ತೋಡು ಸೀಮೆಯಲ್ಲಿ ಕುರಿ ಗೊಬ್ಬರಕ್ಕಿರುವ ಮರ್ಯಾದೆ ಹಂದಿ ಗೊಬ್ಬರಕ್ಕಿಲ್ಲ. ಪುಕ್ಕಟೆ ಕೊಟ್ಟರೂ ತೋಟದವರು ವಾಸನೆಗೆ ಹಿಂಜರಿಯುತ್ತಾರೆ. ಸಾರಜನಕ, ರಂಜಕ ಎರಡೂ ಹೇರಳವಾಗಿರುವ ಗೊಬ್ಬರ ಹೀಗೆ ಹಾಳಾಗುವುದು ನೋಡಿದರೆ ಹೊಟ್ಟೆ ಉರಿಯುತ್ತದೆ. ರಾಶಿ ಹಾಕಿ ಮಾಗಿಸುವಾಗ ಇವಿಷ್ಟು ನೆನಪಿಡಿ.

1. ವಾಸನೆ ಬಂದರೆ ಒಣ ಕಸ ಸಾಲದು ಎಂದರ್ಥ. ಹಸಿ ಹಂದಿ ಗೊಬ್ಬರದಲ್ಲಿ ಒಂದು ಪಾಲು ಸಾರಜನಕಕ್ಕೆ ಇಂಗಾಲ 12–15 ಪಾಲು ಮಾತ್ರ. ರಾಶಿ ಕಾವೇರಲು 25–30 ಬೇಕು. ಹೆಚ್ಚಿನ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ. ಮೂಗಿಗೆ ಹೊಡೆಯುವುದು ಬೆಳೆಗೆ ಸೇರಬೇಕಾದ ಸತ್ವವೇ. ಹೊಸದುರ್ಗದ ಕಡೆ ತೆಂಗಿಗೇನು ಕೊರತೆ? ನಾರಿನ ಪುಡಿ, ಕತ್ತರಿಸಿದ ಗರಿ, ಮೆಕ್ಕೆಜೋಳದ ದಂಟು ಬೆರೆಸಿ. ನಾರಿನ ಪುಡಿ ಒಂದನ್ನೇ ಹಾಕಿದರೆ ಮೆತ್ತಿಕೊಂಡು ಗಾಳಿಯಾಡುವುದಿಲ್ಲ.

2. ರಾಶಿ ತಣ್ಣಗಾಯಿತೆಂದು ಹೊಲಕ್ಕೆ ಹೊಡೆಯಲು ಆತುರ ಬೇಡ. ಬೇಸಿಗೆಯ ಬಿಸಿಲು, ಆಷಾಢದ ಗಾಳಿ ತೇವವನ್ನೆಲ್ಲ ಹೀರುತ್ತವೆ. ತೇವ ಹೋದರೆ ಸೂಕ್ಷ್ಮಜೀವಿಗಳ ಕೆಲಸ ನಿಲ್ಲುತ್ತದೆ, ಕಾವು ಇಳಿಯುತ್ತದೆ, ಗೊಬ್ಬರ ಅರ್ಧಕ್ಕೇ ನಿಂತಿರುತ್ತದೆ. ಬಯಲುಸೀಮೆಯಲ್ಲಿ ಹೆಚ್ಚಿನ ರಾಶಿಗಳು ಕೆಡುವುದು ಇಲ್ಲೇ. ಒಳಗಿನದನ್ನು ಒಂದು ಹಿಡಿ ತೆಗೆದು ಹಿಂಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಜಿನುಗಿದರೆ ಹದ. ಪುಡಿಯಾಗಿ ಉದುರಿದರೆ ನೀರು ಚಿಮುಕಿಸಿ, ಮಗುಚಿ, ಕಬ್ಬಿಣದ ಸಲಾಕೆ ಚುಚ್ಚಿಡಿ. ಎರಡು ಮೂರು ದಿನ ಬಿಟ್ಟು ಎಳೆದಾಗ ಅಂಗೈಯಲ್ಲಿ ಹಿಡಿಯಲಾಗದಷ್ಟು ಕಾದಿದ್ದರೆ ಇನ್ನೂ ಮಾಗಿಲ್ಲ. ನೀರುಣಿಸಿ ಮಗುಚಿದ ಮೇಲೂ ಕಾವೇರದಿದ್ದರೆ, ಮಣ್ಣಿನ ವಾಸನೆ ಬಂದರೆ, ಆಗ ಹೊಲಕ್ಕೆ ಹೊಡೆಯಿರಿ.

3. ಹಂದಿಯ ಜಂತುಹುಳುವಿನ ಮೊಟ್ಟೆ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತದೆ. ಅದನ್ನು ಕೊಲ್ಲುವುದು ಕಾವು. ಚರಂಡಿ ಕೆಸರನ್ನು ಸಾಲು ರಾಶಿಯಲ್ಲಿ ಕಳಿಸಲು ಅಮೆರಿಕದ ಪರಿಸರ ಸಂಸ್ಥೆ ಇಟ್ಟ ನಿಯಮ ನಮಗೂ ಹೊಂದುತ್ತದೆ: 55 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚಿನ ಕಾವು 15 ದಿನ, ಅಷ್ಟರಲ್ಲಿ 5 ಸಲ ಮಗುಚುವುದು. ಅಂಚಿನದು ನಡುವಿಗೆ ಹೋಗಲೇಬೇಕು.

4. ಗೋಬರ್ ಗ್ಯಾಸ್ ಗುಂಡಿ ಇದ್ದರೆ ಮೊದಲು ಹಸುವಿನ ಸಗಣಿಯಿಂದ ಹುದುಗು ಹಿಡಿಸಿ, ಆಮೇಲೆ ಹಂದಿ ಗೊಬ್ಬರ ಸ್ವಲ್ಪ ಸ್ವಲ್ಪವೇ ಸೇರಿಸಿ. ಹೊರಬಂದ ಬಗ್ಗಡವನ್ನು ಸೊಪ್ಪು, ತರಕಾರಿಗೆ ನೇರ ಬಿಡಬೇಡಿ. ಗುಂಡಿಯ ಬೆಚ್ಚನೆಯ ಕಾವಿಗೆ ಜಂತುಹುಳುವಿನ ಮೊಟ್ಟೆಗಳು ಸಾಯುವುದಿಲ್ಲ. ಒಣಗಿದ ರಾಶಿಗೆ ನೀರಿನ ಬದಲು ಅದನ್ನೇ ಸುರಿಯಿರಿ, ಬೋರ್‌ವೆಲ್ ನೀರೂ ಉಳಿಯುತ್ತದೆ.

5. ಫೀಡ್‌ನಿಂದ ಗೊಬ್ಬರಕ್ಕೆ ಬರುವ ತಾಮ್ರ, ಸತು ಕಾವಿಗೆ ಕರಗುವುದಿಲ್ಲ. ರಾಶಿ ಕುಗ್ಗಿದಷ್ಟೂ ಅವುಗಳ ಸಾಂದ್ರತೆ ಏರುತ್ತದೆ. ಪ್ರತಿ ವರ್ಷ ಅದೇ ದಾಳಿಂಬೆ ಪಾತಿಗೆ ಸುರಿಯುವ ಮುಂಚೆ ಮಣ್ಣು ಪರೀಕ್ಷೆ ಮಾಡಿಸಿ. ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು.

6. ರೋಗ ಬಂದು ಸತ್ತ ಹಂದಿಯನ್ನು ರಾಶಿಗೆ ಹಾಕಲೇಬೇಡಿ. ಪಶುವೈದ್ಯರಿಗೆ ತಿಳಿಸಿ, ಸುಣ್ಣ ಹಾಕಿ ಆಳಕ್ಕೆ ಹೂಳಿ.