ಟಿಕೆಟ್ ಇಲ್ಲದ ಪಯಣ ಮತ್ತು ಏಳನೆಯ ಕಟ್ಟಳೆ

"ಮಗುವಿಗೆ ವಯಸ್ಸೆಷ್ಟು?" ಎಂದು ಟಿಕೆಟ್ ಪರೀಕ್ಷಕರು ಕೇಳಿದಾಗ, ಆರು ವರ್ಷದ ಮಗುವಿಗೆ "ನಾಲ್ಕು" ಎನ್ನುವ ತಂದೆತಾಯಂದಿರಿದ್ದಾರೆ. ರೈಲಿನಲ್ಲಿ 5 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಕಿಲ್ಲ. ಕಾಯ್ದಿರಿಸದ ಬೋಗಿಯಲ್ಲಿ 5ರಿಂದ 12 ವರ್ಷದವರಿಗೆ ಅರ್ಧ ದರ. ಸುಳ್ಳಿನಿಂದ ಉಳಿಯುವುದು ಕೆಲವೇ ರೂಪಾಯಿ. ಆದರೆ ಪಕ್ಕದಲ್ಲಿ ಕುಳಿತ ಮಗು ಅಂದು ಕಲಿಯುವ ಪಾಠ ದೊಡ್ಡದು.

ಬೆಳಗೋಡಿನ ಕಡೆಯಿಂದ ಬೆಂಗಳೂರಿಗೆ ದುಡಿಯಲು ಹೋದ ನಮ್ಮ ಯುವಜನರಿಗೆ 'ನಮ್ಮ ಮೆಟ್ರೊ' ಪರಿಚಿತ. 2011ರಲ್ಲಿ ಆರಂಭವಾಗಿ, 2016ರಿಂದ ನೆಲದಡಿಯಲ್ಲೂ ಓಡುತ್ತಿರುವ ಆ ರೈಲಿನಲ್ಲಿ ಟಿಕೆಟ್ ಇಲ್ಲದೆ ಗೇಟು ತೆರೆಯದು. ನಮ್ಮ ಸಕಲೇಶಪುರ ನಿಲ್ದಾಣದಲ್ಲಿ ಅಂಥ ಗೇಟಿಲ್ಲ. ಇಲ್ಲಿ ಕಾಯಬೇಕಾದದ್ದು ನಮ್ಮ ಮನಸ್ಸಾಕ್ಷಿ.

"ಸರ್ಕಾರದ ಗಾಡಿ, ಯಾರಿಗೇನು ನಷ್ಟ?" ಎಂಬ ಮಾತು ಕೇಳುತ್ತೇವೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ ಸುಮಾರು 55 ಕಿ.ಮೀ. ಘಟ್ಟದ ದಾರಿಯಲ್ಲಿ 57 ಸುರಂಗಗಳಿವೆ. ಮಳೆಗಾಲದಲ್ಲಿ ಗುಡ್ಡ ಕುಸಿದರೆ ಮಣ್ಣು ತೆಗೆಯುವವರಿಗೆ, ರಾತ್ರಿ ಹಳಿ ಕಾಯುವವರಿಗೆ ಸಂಬಳ ಬೇಕು. ಪ್ರಯಾಣದ ಖರ್ಚಿನಲ್ಲಿ ಸರಾಸರಿ ಶೇ. 57 ಮಾತ್ರ ದರದಿಂದ ಬರುತ್ತದೆಂದು ರೈಲ್ವೆ ಇಲಾಖೆ ಟಿಕೆಟಿನ ಮೇಲೆಯೇ ಅಚ್ಚು ಹಾಕಿಸಿದ್ದುಂಟು. ಟಿಕೆಟ್ ತಪ್ಪಿಸಿದವನ ಭಾರ ಟಿಕೆಟ್ ಕೊಂಡ ಬಡವನ ಮೇಲೂ ಬೀಳುತ್ತದೆ.

ಆಸನ ಹರಿಯುವುದು, ಬೋಗಿಯಲ್ಲಿ ಹೆಸರು ಗೀಚುವುದು, ನಲ್ಲಿ ಕೀಳುವುದು ಇದೇ ಜಾತಿಯ ತಪ್ಪುಗಳು. ಓಡುವ ಗಾಡಿಗೆ ಕಲ್ಲೆಸೆಯುವುದಂತೂ ಆಟವಲ್ಲ. 1989ರ ರೈಲ್ವೆ ಕಾಯ್ದೆಯಲ್ಲಿ, ಪ್ರಯಾಣಿಕರಿಗೆ ಪೆಟ್ಟಾಗಲೆಂದೇ ಕಲ್ಲೆಸೆದವರಿಗೆ ಜೀವಾವಧಿಯವರೆಗೂ ಶಿಕ್ಷೆ ಇದೆ.

ಕದಿಯಬಾರದೆಂಬ ಏಳನೆಯ ಕಟ್ಟಳೆಯನ್ನು ವಿವರಿಸುವಾಗ, 1992ರ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು (2409) ಸಾರ್ವಜನಿಕ ಆಸ್ತಿಯನ್ನು ಬೇಕೆಂದೇ ಹಾಳುಮಾಡುವುದನ್ನೂ ತಪ್ಪೆಂದು ಎಣಿಸಿ, ನಷ್ಟ ತುಂಬಿಕೊಡಬೇಕೆಂದು ಬೋಧಿಸುತ್ತದೆ. ಲೂಕನ ಶುಭಸಂದೇಶದ ಜಕ್ಕಾಯ ಬರೀ ಪಶ್ಚಾತ್ತಾಪಪಟ್ಟು ಸುಮ್ಮನಾಗಲಿಲ್ಲ. ಮೋಸದಿಂದ ಪಡೆದುದಕ್ಕೆ ನಾಲ್ಕರಷ್ಟು ಹಿಂದಿರುಗಿಸಲು ಮುಂದಾದ.

ನಾವು ಯಾರಿಗೆ ಹಿಂದಿರುಗಿಸುವುದು? ದಾರಿ ಸುಲಭ. ತಪ್ಪಿಸಿದಷ್ಟೇ ದೂರಕ್ಕೆ ಟಿಕೆಟ್ ಕೊಂಡು, ಪ್ರಯಾಣಕ್ಕೆ ಬಳಸದೆ ಬಿಟ್ಟರಾಯಿತು. ಹಣ ಸೇರಬೇಕಾದಲ್ಲಿಗೆ ಸೇರುತ್ತದೆ. ಮಕ್ಕಳನ್ನು ಜೊತೆಗೆ ಕರೆದೊಯ್ದು ಕೊಂಡರೆ ಇನ್ನೂ ಒಳ್ಳೆಯದು.

ಮನೆಯಲ್ಲಿ ಚರ್ಚಿಸಿರಿ:
1. ಯಾರೂ ಕೇಳದಿದ್ದಾಗಲೂ ನಾವು ಟಿಕೆಟ್ ಕೊಳ್ಳುತ್ತೇವೆಯೇ?
2. ಮಕ್ಕಳ ವಯಸ್ಸನ್ನು ಎಲ್ಲೆಲ್ಲಿ ಕಡಿಮೆ ಹೇಳಿದ್ದೇವೆ?
3. ನಮ್ಮ ಕುಟುಂಬ ತುಂಬಿಕೊಡಬೇಕಾದ ಬಾಕಿ ಏನಾದರೂ ಇದೆಯೇ?