ಓದುವ ಅಯ್ಯನವರು, ಓದುವ ಸಭೆ

ಶನಿವಾರ ರಾತ್ರಿ ಮೊಬೈಲಿನಲ್ಲಿ ಪ್ರಸಂಗ ಹುಡುಕಬೇಡಿ. ದೀಕ್ಷೆ ಪಡೆದು ಮೊದಲ ಸಭೆಗೆ ಹೊರಟಿರುವ ತಮ್ಮಂದಿರಿಗೂ ತಂಗಿಯರಿಗೂ ನಾನು ಮೊದಲು ಹೇಳುವ ಮಾತು ಇದೇ. ಅಲ್ಲಿ ಸಿಗುವ ಪ್ರಸಂಗವೆಲ್ಲ ಕೆಟ್ಟದ್ದೆಂದಲ್ಲ. ಆದರೆ ಅದನ್ನು ಸಿದ್ಧಮಾಡಿದವರಿಗೆ ನಿಮ್ಮ ಸಭೆಯ ಕೊನೆಯ ಬೆಂಚಿನಲ್ಲಿ ಕೂರುವ ವಿಧವೆ ಗೊತ್ತಿಲ್ಲ, ಮಳೆ ಕೈಕೊಟ್ಟು ಬೆಳೆ ಕಳೆದುಕೊಂಡ ಸಭಾಹಿರಿಯರು ಗೊತ್ತಿಲ್ಲ. ನಿಮಗೆ ಗೊತ್ತು. ಅವರ ಮುಂದೆ ನಿಂತು ಮಾತಾಡುವವರು ವಾರವಿಡೀ ಓದಿರಬೇಕು, ಓದಿದ್ದನ್ನು ಆ ಮುಖಗಳನ್ನು ನೆನೆಯುತ್ತ ಮನಸ್ಸಿನಲ್ಲಿ ತಿರುವಿ ಹಾಕಿರಬೇಕು.

ಓದು ಸತ್ಯವೇದದಿಂದ ಶುರುವಾಗಲಿ, ವ್ಯಾಖ್ಯಾನದಿಂದ ಬೇಡ. ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿರುವುದು ನಾಲ್ಕೇ ಅಧ್ಯಾಯ. ಒಂದೇ ಸಲಕ್ಕೆ ಕೂತು ಗಟ್ಟಿಯಾಗಿ ಓದಿ ಮುಗಿಸಿ, ಮಾರನೆಯ ದಿನ ಮತ್ತೆ ಓದಿ. ಎದ್ದ ಪ್ರಶ್ನೆಗಳನ್ನು ಪೆನ್ಸಿಲಿನಲ್ಲಿ ಅಂಚಿಗೆ ಬರೆದುಕೊಳ್ಳಿ. ಸ್ವಂತ ಪ್ರಶ್ನೆ ಕೈಯಲ್ಲಿದ್ದಾಗಲೇ ವ್ಯಾಖ್ಯಾನ ಉಪಯೋಗಕ್ಕೆ ಬರುವುದು. ಇಲ್ಲದಿದ್ದರೆ ಅದರ ಮಾತನ್ನೇ ನಕಲು ಮಾಡಿ ಬೋಧಪೀಠಕ್ಕೆ ಹತ್ತುತ್ತೇವೆ.

ನಮ್ಮ ಪಾಸ್ಟರುಗಳ ಮೇಜಿನ ಮೇಲೆ ಮ್ಯಾಥ್ಯೂ ಹೆನ್ರಿ, ವಿಲಿಯಂ ಬಾರ್ಕ್ಲೇ ಇವರ ವ್ಯಾಖ್ಯಾನಗಳು ಕಾಣುತ್ತವೆ. ಹೆನ್ರಿ 1714ರಲ್ಲಿ ತೀರಿಕೊಂಡ ಇಂಗ್ಲೆಂಡಿನ ಸಭಾಪಾಲಕರು, ಬಾರ್ಕ್ಲೇ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದವರು. ಇಬ್ಬರಿಂದಲೂ ಕಲಿಯುವುದು ಬಹಳ ಇದೆ. ಆದರೆ ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯಕ್ಕೆ ಬನ್ನಿ. ಯಾಕೋಬನ ಬಾವಿಯ ಹತ್ತಿರ ಕರ್ತನಾದ ಯೇಸು ಸಮಾರ್ಯದ ಹೆಂಗಸಿನ ಬಳಿ ನೀರು ಕೇಳುತ್ತಾನೆ. ಯೆಹೂದ್ಯನೊಬ್ಬ ಆಕೆಯ ಕೊಡದ ನೀರು ಕೇಳುವುದರಲ್ಲಿ ಅಂಥ ದೊಡ್ಡದೇನಿದೆ ಎಂದು ಪಶ್ಚಿಮದ ವ್ಯಾಖ್ಯಾನಕಾರರು ತಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗುತ್ತದೆ. ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಕೇರಿಗೊಂದು ಬಾವಿ, ಹೋಟೆಲಿನಲ್ಲಿ ಬೇರೆ ಲೋಟ, ಮೇಲಿನಿಂದ ಸುರಿದ ನೀರಿಗೆ ಒಡ್ಡಿದ ಬೊಗಸೆ, ಇವೆಲ್ಲ ನಮ್ಮ ಸಭೆಗಳ ಎಷ್ಟೋ ಮನೆಗಳು ಅನುಭವಿಸಿದ್ದು. 1927ರಲ್ಲಿ ಮಹಾಡದ ಚವದಾರ್ ಕೆರೆಗೆ ಅಂಬೇಡ್ಕರರು ಜನರನ್ನು ಕರೆದುಕೊಂಡು ನಡೆದದ್ದು ಇಂಥದೇ ನೀರಿಗಾಗಿ. ಗೆರಿಜೀಮ್ ಬೆಟ್ಟದ ಕುರಿತು ಯೆಹೂದ್ಯರಿಗೂ ಸಮಾರ್ಯದವರಿಗೂ ಇದ್ದ ಜಗಳದ ಚರಿತ್ರೆಯನ್ನು ಬಾರ್ಕ್ಲೇಯಿಂದ ತಿಳಿದುಕೊಳ್ಳಿ. ಬಾವಿಕಟ್ಟೆಯ ಮೇಲೆ ನಡೆದದ್ದೇನೆಂದು ನಿಮ್ಮ ಸಭೆಯ ಹಿರಿಯ ಹೆಂಗಸರನ್ನು ಕೇಳಿ.

ಕೊರಿಂಥದವರಿಗೆ ಬರೆದ ಪತ್ರವೂ ಹಾಗೆಯೇ. ವಿಗ್ರಹಕ್ಕೆ ಅರ್ಪಿಸಿದ್ದನ್ನು ತಿನ್ನಬಹುದೇ ಎಂಬ ಪ್ರಶ್ನೆ ಲಂಡನ್ನಿನ ಓದುಗನಿಗೆ ಎಂದೋ ಮುಗಿದ ಸಂಗತಿ. ನಿಮ್ಮ ಸಭೆಯ ಸೊಸೆಗೆ ಅದು ಪಕ್ಕದ ಮನೆಯಿಂದ ಗಣೇಶನ ಹಬ್ಬದ ಪ್ರಸಾದ ಬಂದ ಸಂಜೆ ಏಳುವ ಪ್ರಶ್ನೆ. ಆಕೆ ನಿಮ್ಮನ್ನು ಕೇಳಿಯೇ ಕೇಳುತ್ತಾಳೆ. ಅದಕ್ಕೇ ದಕ್ಷಿಣ ಏಷ್ಯಾದ ವಿದ್ವಾಂಸರು ಸೇರಿ ಬರೆದು 2015ರಲ್ಲಿ ಹೊರತಂದ ಒಂದೇ ಸಂಪುಟದ ಸೌತ್ ಏಷ್ಯಾ ಬೈಬಲ್ ಕಾಮೆಂಟರಿ ನಿಮ್ಮ ಬಳಿ ಇರಬೇಕು. ಕೂಡುಕುಟುಂಬ, ಜಾತಿ, ಮಾನ-ಅವಮಾನ, ನೆರೆಯ ಧರ್ಮದವರ ಜೊತೆಗಿನ ಬದುಕು ಅದನ್ನು ಬರೆದವರಿಗೆ ಒಳಗಿನಿಂದ ಗೊತ್ತು. ಬೆಲೆ ಹೆಚ್ಚೆನಿಸಿದರೆ ಅಕ್ಕಪಕ್ಕದ ಊರಿನ ಮೂವರು ಪಾಲಕರು ಸೇರಿ ಒಂದು ಪ್ರತಿ ಕೊಳ್ಳಿ.

ಇನ್ನೊಂದು ಮಾತು. ಕ್ರೈಸ್ತ ಪುಸ್ತಕವನ್ನಷ್ಟೇ ಓದುವ ಪಾಲಕರ ಕನ್ನಡ ಬೇಗ ಬಡವಾಗುತ್ತದೆ. ರೆವರೆಂಡ್ ಉತ್ತಂಗಿ ಚನ್ನಪ್ಪನವರನ್ನು ನೆನೆಯಿರಿ. ಬಾಸೆಲ್ ಮಿಷನ್ನಿನ ಪಾಲಕರಾಗಿದ್ದುಕೊಂಡೇ ಊರೂರು ಅಲೆದು ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದರು. ಶರಣರ ಅನುಭವ ಮಂಟಪದ ಬಗ್ಗೆ ಬರೆದರು. 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ನಾಡು ಅವರನ್ನೇ ಅಧ್ಯಕ್ಷರನ್ನಾಗಿ ಆರಿಸಿತು. ನೆರೆಯವರ ಪುಸ್ತಕವನ್ನು ಗೌರವದಿಂದ ಓದಿದ್ದರಿಂದ ಅವರ ವಿಶ್ವಾಸವೇನೂ ಕುಂದಲಿಲ್ಲ. ವಚನ, ದಾಸರ ಪದ, ಶಿಶುನಾಳ ಶರೀಫರ ತತ್ತ್ವಪದ ನಿಮ್ಮ ಕಿವಿಯಲ್ಲಿರಲಿ. ನಿಮ್ಮ ಜನರ ಕಿವಿಯಲ್ಲಿ ಅವು ಆಗಲೇ ಇವೆ.

ನಮ್ಮ ಕೈಯಲ್ಲಿರುವ ಕನ್ನಡ ಸತ್ಯವೇದವನ್ನು ಹಗುರವಾಗಿ ಕಾಣಬೇಡಿ. 1812ರ ಮಾರ್ಚಿನಲ್ಲಿ ಬಂಗಾಳದ ಸೆರಾಂಪುರದ ಮುದ್ರಣಾಲಯಕ್ಕೆ ಬೆಂಕಿ ಬಿದ್ದಾಗ ವಿಲಿಯಂ ಕೇರಿಯವರ ಕನ್ನಡ ಹೊಸ ಒಡಂಬಡಿಕೆಯ ಹಸ್ತಪ್ರತಿಯೂ ಸುಟ್ಟುಹೋಯಿತು. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ವರ್ಷಗಟ್ಟಲೆ ದುಡಿದ ಮೇಲೆ, 1831ರಲ್ಲಿ, ಇಡೀ ಸತ್ಯವೇದ ಕನ್ನಡದಲ್ಲಿ ಬಂತು. ಹತ್ತು ವರ್ಷಕ್ಕೆ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಮುದ್ರಣಾಲಯ ಶುರುವಾಯಿತು. ಅಲ್ಲಿ ಅಚ್ಚಾದ ಹಳೆಯ ಪುಸ್ತಕಗಳು ಈಗಲೂ ಕೆಲವು ಮನೆಗಳ ಅಟ್ಟದಲ್ಲಿ ಗೆದ್ದಲಿನ ಬಾಯಿಗೆ ಬೀಳುತ್ತಿವೆ. ಮನೆಭೇಟಿಗೆ ಹೋದಾಗ ವಿಚಾರಿಸಿ. ರದ್ದಿಗೆ ಹಾಕಲು ಬಿಡಬೇಡಿ. ಮನೆಯವರಿಗೆ ಬೇಡವಾದರೆ ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಂಥ, ಹಳೆಯ ಕಾಗದಪತ್ರ ಕಾಪಾಡುವ ಜಾಗಕ್ಕೆ ತಲುಪಿಸಿ.

ಈಗ ಬೆಂಚಿನಲ್ಲಿ ಕೂರುವ ಮಕ್ಕಳೇ, ನಿಮಗೆ. ದಪ್ಪ ದೇವಶಾಸ್ತ್ರದ ಪುಸ್ತಕದಿಂದ ಓದು ಶುರುಮಾಡಬೇಕಾಗಿಲ್ಲ, ಜೀವನಚರಿತ್ರೆಯಿಂದ ಶುರುಮಾಡಿ. ಪಂಡಿತಾ ರಮಾಬಾಯಿಯವರದನ್ನು ಓದಿ. 1858ರಲ್ಲಿ ನಮ್ಮದೇ ಪಶ್ಚಿಮ ಘಟ್ಟದ ಕಾಡಿನಲ್ಲಿ ಹುಟ್ಟಿದವರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಊರಿನವರ ವಿರೋಧ ಕಟ್ಟಿಕೊಂಡ ತಂದೆಯ ಮಗಳು. ಮುಂದೆ ಕೇಡಗಾಂವದ ಮುಕ್ತಿ ಮಿಷನ್ನಿನಲ್ಲಿ, ಓದುಬರಹ ಕಡಿಮೆ ಇರುವ ಹೆಂಗಸರಿಗೂ ಅರ್ಥವಾಗಲೆಂದು ಸತ್ಯವೇದವನ್ನು ಸರಳ ಮರಾಠಿಗೆ ತಂದರು. ಅದಕ್ಕಾಗಿ ಹೀಬ್ರೂ, ಗ್ರೀಕ್ ಕಲಿತರು. ಅಚ್ಚುಮೊಳೆ ಜೋಡಿಸಿದವರು ಅಲ್ಲಿ ಆಶ್ರಯ ಪಡೆದ ಹೆಣ್ಣುಮಕ್ಕಳೇ. 1922ರಲ್ಲಿ ರಮಾಬಾಯಿಯವರು ತೀರಿಕೊಂಡ ಮೇಲೆ ಆ ಪುಸ್ತಕ ಹೊರಬಂತು. ವಿಧವೆಯರು, ಬರಗಾಲದಲ್ಲಿ ಅನಾಥರಾದವರು ಸೇರಿ ಮಾಡಿದ ಕೆಲಸ ಅದು. ಇದನ್ನು ಓದಿದ ಹುಡುಗಿ ತಾನು ಬರೀ ಕೇಳುವವಳು ಎಂದುಕೊಂಡು ಕೂರಲಾರಳು.

ಬನಿಯನ್ನನ ‘ಯಾತ್ರಿಕನ ಸಂಚಾರ’ವನ್ನು ಮನೆಯಲ್ಲಿ ಗಟ್ಟಿಯಾಗಿ ಓದಿ. ಪಾತ್ರೆ ದುರಸ್ತಿ ಮಾಡಿ ಬದುಕುತ್ತಿದ್ದವನು, ಸಾರಿದ್ದಕ್ಕಾಗಿ ಸೆರೆಮನೆ ಸೇರಿದವನು ಬರೆದ ಪುಸ್ತಕ ಅದು. ಓದು ಬಾರದ ಅಜ್ಜಿಗೂ ಆ ಕಥೆ ಸಾಗುತ್ತದೆ. ಮಹಿಳಾ ಅನ್ಯೋನ್ಯ ಕೂಟದಲ್ಲಿ ಪ್ರಾರ್ಥನೆಯ ನಂತರ ಕಾಲು ಗಂಟೆ ಒಬ್ಬರು ಓದಲಿ, ಉಳಿದವರು ಕೇಳಲಿ.

ಪುಸ್ತಕ ಕೊಳ್ಳುವಾಗ ಹೊದಿಕೆ ನೋಡಿ ಮರುಳಾಗಬೇಡಿ. ಬಸ್ ಸ್ಟ್ಯಾಂಡಿನಲ್ಲೂ ಕನ್ವೆನ್ಶನ್ನಿನ ಮೇಜಿನಲ್ಲೂ ಹಣ, ಕಾರು, ವೀಸಾ ಸಿಗುತ್ತದೆಂದು ವಾಗ್ದಾನ ಮಾಡುವ ಪುಸ್ತಕಗಳು ಸಾಲಾಗಿ ಇರುತ್ತವೆ. ಹತ್ತು ಪುಟ ತಿರುವಿ. ಬರೆದವರು ನಿಮ್ಮನ್ನು ಮತ್ತೆ ಸುವಾರ್ತೆಯ ಕಡೆಗೆ ಕಳಿಸುತ್ತಾರೋ ತಮ್ಮ ಮುಂದಿನ ಕೂಟಕ್ಕೆ ಕರೆಯುತ್ತಾರೋ ನೋಡಿ. ಕಾಯಿಲೆಯವರಿಗೆ ‘ನಿನ್ನ ನಂಬಿಕೆ ಸಾಲದು’ ಎಂದು ಹೇಳುವ ಪುಸ್ತಕವನ್ನು ದಯಮಾಡಿ ಯಾರ ಮನೆಗೂ ಒಯ್ಯಬೇಡಿ. ಸಾಯುತ್ತಿರುವವರ ಮಂಚದ ಪಕ್ಕದಲ್ಲಿ ಅಂಥ ಮಾತು ಮಾಡುವ ಗಾಯ ದೊಡ್ಡದು.

ಸಭೆಯಲ್ಲಿ ಪುಸ್ತಕದ ಬೀರು ಇದ್ದರೆ ಅದಕ್ಕೆ ಬೀಗ ಬೇಡ. ಒಯ್ದವರ ಹೆಸರು ಬರೆಯಲು ಒಂದು ನೋಟ್‌ಬುಕ್ ಸಾಕು. ನಾಲ್ಕು ಪುಸ್ತಕ ಕಳೆದರೂ ಯಾರದೋ ಮನೆಯಲ್ಲಿ ಇರುತ್ತವೆ. ದೃಢೀಕರಣದ ದಿನ, ಮದುವೆಯ ದಿನ ಉಡುಗೊರೆಯಾಗಿ ಒಂದು ಪುಸ್ತಕ ಕೊಡಿ. ಬೀರು ತುಂಬಿಸುವ ಹೊಣೆ ಸಂಡೇ ಸ್ಕೂಲಿನ ದೊಡ್ಡ ಮಕ್ಕಳಿಗಿರಲಿ.

ಕೊನೆಯದಾಗಿ, ನಿಮ್ಮಲ್ಲಿ ಬರೆಯಬಲ್ಲವರು ಬರೆಯಬೇಕು. ಕುಡಿತದ ಗಂಡನೊಡನೆ ಬಾಳುವ ಹೆಂಗಸು, ಸಾಲಕ್ಕೆ ಹೆದರಿ ರಾತ್ರಿ ನಿದ್ದೆಯಿಲ್ಲದ ರೈತ, ಮಕ್ಕಳೆಲ್ಲ ಬೆಂಗಳೂರಿಗೆ ಹೋಗಿ ಒಂಟಿಯಾದ ತಂದೆತಾಯಿ, ಇವರ ಕೈಯಲ್ಲಿಡಲು ನಮಗೆ ಕನ್ನಡದ ಚಿಕ್ಕ ಪುಸ್ತಕಗಳು ಇನ್ನೂ ಬೇಕು. ಮಗುವನ್ನು ಮಣ್ಣು ಮಾಡಿ ಬಂದ ತಾಯಿಗೆ ಕೊಡುವಂಥದ್ದನ್ನು ಮೊದಲು ಬರೆಯಿರಿ. ನಲವತ್ತು ಪುಟ ಮೀರದಿರಲಿ, ಅಕ್ಷರ ದೊಡ್ಡದಿರಲಿ. ಅಚ್ಚಿಗೆ ಕೊಡುವ ಮುಂಚೆ ಅಂಥ ದುಃಖ ಕಂಡ ಒಬ್ಬಿಬ್ಬರು ತಾಯಂದಿರಿಗೆ, ಅವರು ಒಪ್ಪಿದರೆ, ಓದಿ ಹೇಳಿ. ಅವರು ಬೇಡವೆಂದ ಸಾಲನ್ನು, ಅದು ನಿಮಗೆ ಎಷ್ಟೇ ಇಷ್ಟವಾಗಿದ್ದರೂ, ತೆಗೆದುಬಿಡಿ.