ಬ್ಯಾಂಕ್ ಹರಾಜಿನ ಮನೆ: ದುಡ್ಡು ಹೊಂದಿಸಿ ಆಮೇಲೆ ಸವಾಲು ಕೂಗಿ

ನಮ್ಮ ಹುಣಸೂರು, ಪಿರಿಯಾಪಟ್ಟಣ ಕಡೆಯವರಿಗೆ ಹರಾಜು ಹೊಸದಲ್ಲ. ಹೊಗೆಸೊಪ್ಪಿನ ಬೇಲು ಹೇರಿಕೊಂಡು ಕಟ್ಟೆಮಳಲವಾಡಿ, ಕಂಪಲಾಪುರದ ಹರಾಜು ಕಟ್ಟೆಗೆ ವರ್ಷಾವರ್ಷ ಹೋಗುತ್ತೇವೆ. ಅಲ್ಲಿ ನಾವು ಮಾರುವವರು, ದುಡ್ಡು ಕಟ್ಟುವ ಗಡುವು ಕೊಳ್ಳುವವರದು. ಬ್ಯಾಂಕು ಮನೆ ಹರಾಜು ಹಾಕಿದಾಗ ನಾವೇ ಕೊಳ್ಳುವವರು. ಗಡುವು ನಮ್ಮ ತಲೆ ಮೇಲೆ. ಇದು ತಿಳಿಯದೆ 2021ರಲ್ಲಿ ನಾನು ಮೂರು ಲಕ್ಷ ಕಳಕೊಂಡೆ. ಇನ್ನೊಬ್ಬರಿಗೆ ಹಾಗಾಗಬಾರದು ಅಂತ ಬರೆಯುತ್ತಿದ್ದೇನೆ.

ಸಾಲ ತೀರಿಸದವರ ಅಡಮಾನದ ಆಸ್ತಿಯನ್ನು ಕೋರ್ಟಿನಲ್ಲಿ ದಾವೆ ಹೂಡದೆ ಮಾರಲು 2002ರ ಸರ್ಫೇಸಿ ಕಾಯ್ದೆ ಬ್ಯಾಂಕಿಗೆ ಅಧಿಕಾರ ಕೊಟ್ಟಿದೆ. ಸಾಗುವಳಿ ಜಮೀನಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಮನೆ, ಅಂಗಡಿಗೆ ಅನ್ವಯಿಸುತ್ತೆ. ಇದರ ನಿಯಮದಲ್ಲಿ ಕೊಳ್ಳುವವನಿಗೆ ಮೂರು ಗಡುವುಗಳಿವೆ.

1. ಹರಾಜಿಗೆ ಮುಂಚೆ, ನೋಟೀಸಿನಲ್ಲಿ ಹೇಳಿದ ತಾರೀಖಿನೊಳಗೆ ಮುಂಗಡ ಠೇವಣಿ. ಸಾಮಾನ್ಯವಾಗಿ ಇದು ಮೂಲ ಬೆಲೆಯ ನೂರಕ್ಕೆ 10.

2. ಸವಾಲು ನಮ್ಮ ಹೆಸರಿಗೆ ನಿಂತ ದಿನವೇ, ಇಲ್ಲವೆ ಮಾರನೇ ಕೆಲಸದ ದಿನ, ಕೂಗಿದ ಬೆಲೆಯ ಕಾಲುಭಾಗ. ಠೇವಣಿ ಇದರಲ್ಲೇ ಸೇರುತ್ತೆ.

3. ಬ್ಯಾಂಕು ಮಾರಾಟ ಖಾಯಂ ಮಾಡಿದ 15ನೇ ದಿನದೊಳಗೆ ಉಳಿದ ಮುಕ್ಕಾಲು ಭಾಗ.

ನನ್ನ ಲೆಕ್ಕವನ್ನೇ ನೋಡಿ. ಮನೆಯ ಮೂಲ ಬೆಲೆ 11,50,000. ಠೇವಣಿ 1,15,000 ಕಟ್ಟಿದೆ. 12 ಲಕ್ಷಕ್ಕೆ ಸವಾಲು ನಿಂತಿತು. ಮಾರನೇ ದಿನ 1,85,000 ಕಟ್ಟಿದೆ. ಅಲ್ಲಿಗೆ 3 ಲಕ್ಷ ಆಯ್ತು. ಉಳಿದ 9 ಲಕ್ಷಕ್ಕೆ ಇನ್ನೊಂದು ಬ್ಯಾಂಕಿನ ಸಾಲ ನಂಬಿದ್ದೆ. ಅಲ್ಲಿಯ ವಕೀಲರು ಖಾತೆ ತನ್ನಿ, ಹಳೇ ಕ್ರಯಪತ್ರ ತನ್ನಿ ಅಂದರು. ಓಡಾಡುವುದರಲ್ಲೇ ದಿನ ಕಳೆಯಿತು. ಆಗಸ್ಟ್ ತಿಂಗಳು, ಹೊಗೆಸೊಪ್ಪು ಇನ್ನೂ ಬ್ಯಾರನ್ನಿನಲ್ಲಿತ್ತು. ಮ್ಯಾನೇಜರ್ ಹತ್ತಿರ ಹೋಗಿ "ಸ್ವಲ್ಪ ಟೈಮ್ ಕೊಡಿ ಸಾರ್" ಅಂದೆ. "ನೋಡೋಣ" ಅಂದರು. ಅದನ್ನೇ ಒಪ್ಪಿಗೆ ಅಂದುಕೊಂಡೆ. 15 ದಿನ ಮುಗಿದ ಮೇಲೆ ಕಾಗದ ಬಂತು: ಮಾರಾಟ ರದ್ದು, 3 ಲಕ್ಷ ಮುಟ್ಟುಗೋಲು.

ತಪ್ಪು ಎಲ್ಲಾಯ್ತು? ಗಡುವು ಮುಂದೂಡಲು ನಿಯಮದಲ್ಲಿ ದಾರಿ ಇದೆ, ಆದರೆ ಬ್ಯಾಂಕೂ ನಾವೂ ಬರಹದಲ್ಲಿ ಒಪ್ಪಿರಬೇಕು. ಅದೂ ಮೂರು ತಿಂಗಳು ಮೀರುವಂತಿಲ್ಲ. ಒಪ್ಪಲೇಬೇಕೆಂದು ಬ್ಯಾಂಕಿಗೆ ಕಡ್ಡಾಯವಿಲ್ಲ. ಬಾಯಿಮಾತಿಗೆ ಬೆಲೆಯಿಲ್ಲ. ಅರ್ಜಿ ಕೊಟ್ಟು, ಸೀಲು ಹಾಕಿದ ಪ್ರತಿ ಇಟ್ಟುಕೊಂಡು, ಉತ್ತರವನ್ನೂ ಕಾಗದದಲ್ಲೇ ಪಡೆಯಬೇಕಿತ್ತು. ಸಾಲ ಸಿಗಲಿಲ್ಲ ಅನ್ನುವ ಕಾರಣ ಕೋರ್ಟಿನಲ್ಲೂ ನಿಲ್ಲುವುದು ಕಷ್ಟ. ಬಾಕಿ ಕಟ್ಟದವನ ಕಾಲುಭಾಗವನ್ನು ಬ್ಯಾಂಕು ಮುಟ್ಟುಗೋಲು ಹಾಕಿದ್ದು ಸರಿ ಎಂದು 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಒಂದು ಮೊಕದ್ದಮೆಯಲ್ಲಿ ಹೇಳಿದೆ.

ಹಾಗಾದರೆ ಏನು ಮಾಡಬೇಕು? ಮೊದಲ ಹರಾಜಿಗೆ 30 ದಿನ ಮುಂಚೆ ನೋಟೀಸು ಕೊಡಬೇಕು. ಮತ್ತೆ ಹರಾಜಿಟ್ಟರೆ 15 ದಿನ ಸಾಕು. ಕೆಲಸವೆಲ್ಲ ಆ ದಿನಗಳಲ್ಲೇ ಮುಗಿಯಬೇಕು.

ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಇ.ಸಿ. ತೆಗೆಸಿ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ನಾಲ್ಕೂ ಕಡೆ ಕಚೇರಿ ಇದೆ. ಹಳ್ಳಿ ಮನೆಯಾದರೆ ಪಂಚಾಯ್ತಿಯಲ್ಲಿ ಇ-ಸ್ವತ್ತು ಖಾತೆ ನೋಡಿ. ಕಂದಾಯ, ಕರೆಂಟಿನ ಬಾಕಿ ಕೇಳಿ. ಮನೆಯಲ್ಲಿ ಯಾರಿದ್ದಾರೆ, ಬ್ಯಾಂಕಿನ ಸ್ವಾಧೀನ ಬರೀ ಕಾಗದದ ಮೇಲಿದೆಯೋ, ಬೀಗದ ಕೈ ಅವರ ಹತ್ತಿರವೇ ಇದೆಯೋ ತಿಳಿಯಿರಿ. ಸಾಲಗಾರರು ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಿದ್ದಾರೆಯೇ ಎಂದು ವಕೀಲರಿಂದ ವಿಚಾರಿಸಿ. ಸಾಲ ಬೇಕಿದ್ದರೆ ಹರಾಜಿಗೆ ಮುಂಚೆಯೇ ಮಂಜೂರಾತಿ ಪತ್ರ ಕೈಯಲ್ಲಿರಲಿ.

ಮಾರಾಟ ಖಾಯಂ ಆದ ಕಾಗದದ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಕೊನೇ ದಿನಕ್ಕೆ ಕಾಯಬೇಡಿ, ರಜಾ ಬಂದೀತು. ಪೂರ್ತಿ ಹಣ ಕಟ್ಟಿದ ಮೇಲೆ ಬ್ಯಾಂಕು ಮಾರಾಟದ ಸರ್ಟಿಫಿಕೇಟು ಕೊಡುತ್ತೆ. ಅದರ ನೋಂದಣಿಯ ಖರ್ಚು ಬೇರೆ. ಅದನ್ನೂ ಲೆಕ್ಕದಲ್ಲಿ ಸೇರಿಸಿ.

ಮಳೆ ಬಿದ್ದ ಮೇಲೆ ಬೀಜ ಹುಡುಕುವ ರೈತನಿಗೆ ಹದ ತಪ್ಪುತ್ತೆ. ಸವಾಲು ಕೂಗಿದ ಮೇಲೆ ದುಡ್ಡು ಹುಡುಕುವವನ ಗತಿಯೂ ಅದೇ.